ಚಾವಡಿಯ ಸರ್ವರೂ ಸ್ವತಂತ್ರನೂ

ಮಧ್ವಾಚಾರ್ಯರ ‘ತತ್ತ್ವಸಂಖ್ಯಾನ’ ಇರುವುದನ್ನೆಲ್ಲ ಮೊದಲು ಎರಡೇ ಪಾಲು ಮಾಡುತ್ತದೆ: ಸ್ವತಂತ್ರ, ಅಸ್ವತಂತ್ರ. ಒಂದನೇ ಪಾಲಿಗೆ ವಿಷ್ಣು ಒಬ್ಬನೇ. ಉಳಿದದ್ದೆಲ್ಲ ಎರಡನೆಯದಕ್ಕೆ, ನೀವೂ ನಾನೂ ಸೇರಿ. ಇದು ಮನುಷ್ಯನನ್ನು ಕುಗ್ಗಿಸುವ ಮಾತಲ್ಲವೇ ಎಂದು ಕೇಳುವವರುಂಟು. ಅವರನ್ನು ನಾನು ಹೆಬ್ರಿಯ ನಮ್ಮ ಮನೆಯ ಚಾವಡಿಗೆ ಕರೆಯುತ್ತೇನೆ.

ಅಲ್ಲಿ ಕಪಾಟಿನ ಮೇಲೊಂದು ಹಳೆಯ ಕಂಪ್ಯೂಟರ್ ಇದೆ. ಅದೇ ನಮ್ಮ ಮೇಲ್ ಸರ್ವರ್. ಬಂದ ಪತ್ರವನ್ನು ಪೋಸ್ಟ್‌ಫಿಕ್ಸ್ ಇಳಿಸಿಕೊಳ್ಳುತ್ತದೆ, ಓದಲು ಡವ್‌ಕಾಟ್ ಕೊಡುತ್ತದೆ. ತೋಟದ ವ್ಯವಹಾರಕ್ಕೆಲ್ಲ ಒಂದೇ ಖಾತೆ. ನಾನು ಮೇಜಿನ ಕಂಪ್ಯೂಟರಿನಲ್ಲಿ, ಹೆಂಡತಿ ಲ್ಯಾಪ್‌ಟಾಪಿನಲ್ಲಿ, ಮಗಳು ಮಣಿಪಾಲದ ಹಾಸ್ಟೆಲಿನಿಂದ ಅದನ್ನೇ ನೋಡುತ್ತೇವೆ. ಹಳೆಯ ‘ಪಾಪ್’ ಪದ್ಧತಿಯಲ್ಲಿ ಮೊದಲು ತೆರೆದವರ ಯಂತ್ರಕ್ಕೆ ಪತ್ರ ಇಳಿದು, ಸಾಮಾನ್ಯವಾಗಿ ಸರ್ವರಿನಿಂದ ಅಳಿದುಹೋಗುತ್ತಿತ್ತು. 1986ರಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಮಾರ್ಕ್ ಕ್ರಿಸ್ಪಿನ್ ರೂಪಿಸಿದ ‘ಐಮ್ಯಾಪ್’ ಪತ್ರವನ್ನು ಸರ್ವರಿನಲ್ಲೇ ಉಳಿಸಿತು. ಓದಿದ್ದಾಯಿತೆಂಬ ಗುರುತು ಕೂಡ ಅಲ್ಲೇ. ಮಗಳು ಅಲ್ಲಿ ಅಳಿಸಿದರೆ ನನಗಿಲ್ಲಿ ಕಾಣುವುದಿಲ್ಲ.

ಮಧ್ವಮತದಲ್ಲಿ ದೇವರು ಬಿಂಬ, ಜೀವ ಪ್ರತಿಬಿಂಬ. ಸರ್ವರಿನಲ್ಲಿರುವ ಪತ್ರ, ನಮ್ಮ ಪರದೆಗಳಲ್ಲಿ ಕಾಣುವ ಅದರ ರೂಪ, ಇವುಗಳಿಂದ ನನಗೆ ಅದು ಹೆಚ್ಚು ಸ್ಪಷ್ಟವಾಯಿತು. ಪ್ರತಿಬಿಂಬವೆಂದರೆ ಸುಳ್ಳಲ್ಲ. ಅದು ಬಿಂಬವನ್ನು ಕೊಂಚ ಹೋಲುತ್ತದೆ, ಬಿಂಬದ ಅಧೀನದಲ್ಲಿರುತ್ತದೆ, ಆದರೆ ಬಿಂಬವೇ ಅಲ್ಲ. ಆಗುಂಬೆ ಘಾಟಿಯ ಆಚೆ, ಶೃಂಗೇರಿ ಕಡೆಯ ಅದ್ವೈತಿ ಗೆಳೆಯನೊಬ್ಬ ಇದನ್ನು ಒಪ್ಪಲಿಲ್ಲ. “ಪರದೆಗಳನ್ನೆಲ್ಲ ಬಂದ್ ಮಾಡು ಮಾರಾಯ, ಪತ್ರ ಒಂದೇ ಉಳಿಯುತ್ತದೆ” ಎಂದ. ಉಳಿಯುತ್ತದೆ, ಸರಿ. ಓದುವವನೂ ಪತ್ರವೂ ಒಂದೇ ಆದರೆ ಯಾರು ಯಾರಿಗೆ ಬರೆಯಬೇಕು?

ಹಾಗೆಂದು ಸರ್ವರ್ ಸ್ವತಂತ್ರವೇ? ಅದರ ಡೊಮೇನ್ ಹೆಸರಿಗೆ ವರ್ಷ ವರ್ಷ ಬಾಡಿಗೆ ಕಟ್ಟಬೇಕು. ಬದಲಾಗದ ಐಪಿ ವಿಳಾಸ ಬೇಕು. ಮನೆಯ ಸಂಪರ್ಕಗಳಲ್ಲಿ ಸರ್ವರುಗಳ ನಡುವೆ ಪತ್ರ ಸಾಗುವ 25ನೇ ಪೋರ್ಟನ್ನು ಮುಚ್ಚಿಡುವುದು ರೂಢಿ. ಹಾಗಾಗಿ ಕಳಿಸುವ ಪತ್ರಕ್ಕೆ ಇನ್ನೊಬ್ಬರ ಸರ್ವರಿನ ದಾರಿ ಹಿಡಿಯಬೇಕಾಗುತ್ತದೆ. ಆಷಾಢದ ಮಳೆಗೆ ಕರೆಂಟು ಹೋಗಿ ಇನ್ವರ್ಟರೂ ಕೈಬಿಟ್ಟರೆ ಪೆಟ್ಟಿಗೆ ಸತ್ತಂತೆ. ಆದರೂ ಪತ್ರ ಕಳೆದುಹೋಗುವುದಿಲ್ಲ. ಕಳಿಸಿದವರ ಸರ್ವರ್ ಅದನ್ನು ಸರದಿಯಲ್ಲಿಟ್ಟುಕೊಂಡು ಮತ್ತೆ ಮತ್ತೆ ಬಾಗಿಲು ತಟ್ಟುತ್ತದೆ. ಕಡಿಮೆಯೆಂದರೆ 4–5 ದಿನ ಬಿಡದೆ ಪ್ರಯತ್ನಿಸಬೇಕೆಂಬುದು ಅಂತರಜಾಲದ ಅಂಚೆಯ ನಿಯಮಾವಳಿಯ ಮಾತು. ಮುಖ ಕಾಣದ ಯಂತ್ರವೊಂದರ ತಾಳ್ಮೆಯಿಂದ ನನ್ನ ಪತ್ರ ಉಳಿಯುತ್ತದೆ.

ಸ್ವಾತಂತ್ರ್ಯಕ್ಕೆಂದು ಹೂಡಿದ ಈ ಪೆಟ್ಟಿಗೆ ನನಗೆ ಕೊಟ್ಟಿರುವುದು ಪಾರತಂತ್ರ್ಯದ ವಿವರವಾದ ಲೆಕ್ಕ. ಅದರಲ್ಲಿ ಅವಮಾನವೇನೂ ಇಲ್ಲ. ದೊಡ್ಡ ಕಂಪನಿಯ ಪುಕ್ಕಟೆ ಖಾತೆಯಲ್ಲೂ ನಾವು ಅಧೀನರೇ; ಅಲ್ಲಿ ಅದು ಕಣ್ಣಿಗೆ ಬೀಳುವುದಿಲ್ಲ, ಅಷ್ಟೇ. ನಾನು ಅಸ್ವತಂತ್ರನೆಂದು ತಿಳಿದವನು ಯಾರ ಆಸರೆಯಲ್ಲಿದ್ದೇನೆಂದು ಕೇಳುತ್ತಾನೆ, ಆಸರೆ ಕೊಟ್ಟವರಿಗೆ ಕೃತಜ್ಞನಾಗುತ್ತಾನೆ, ಸರಿಯಲ್ಲದ ಆಸರೆಯನ್ನು ಬದಲಿಸುತ್ತಾನೆ. ತಾನೇ ಸ್ವತಂತ್ರನೆಂದುಕೊಂಡವನಿಗೆ ಈ ಮೂರೂ ಸಾಧ್ಯವಿಲ್ಲ.

ಮನೆಯಲ್ಲಿ ಸರ್ವರ್ ಇಡುವವರಿಗೆ ಕೊನೆಯ ಮಾತು: ಅದನ್ನು ದೇವರೆಂದು ನಂಬಬೇಡಿ. ದಿನಾ ಬ್ಯಾಕಪ್ ತೆಗೆಯಿರಿ.