ಇಂದಿನ ಧಮ್ಮ ಚಿಂತನೆ: ಹಳೇ ಸೆಟ್ಟು ಮತ್ತು ಮಾರುವವರ ಮನೆ

 


ಏಪ್ರಿಲ್ 14ರ ಭೀಮ ಜಯಂತಿ, ವೈಶಾಖದ ಬುದ್ಧ ಪೂರ್ಣಿಮೆ ಹತ್ತಿರ ಬಂದರೆ ಆಳಂದ, ಅಫಜಲಪುರ, ಜೇವರ್ಗಿ ಕಡೆಯ ನಮ್ಮ ಓಣಿಗಳಲ್ಲಿ ಹಳೇ ಆಂಪ್ಲಿಫೈಯರ್, ಸ್ಪೀಕರ್ ಬಾಕ್ಸುಗಳ ಹುಡುಕಾಟ ಶುರುವಾಗುತ್ತದೆ. ಹೊಸದಕ್ಕೆ ರೊಕ್ಕ ಸಾಲದು. ವಿಹಾರದ ಪಟ್ಟಿ ಎಂದರೆ ಕೂಲಿಗೆ ಹೋಗುವ ತಾಯಂದಿರು ಕೊಟ್ಟ ಹತ್ತು, ಇಪ್ಪತ್ತು ರೂಪಾಯಿ. ಅದು ಹಾಳಾಗಬಾರದು.

ಆಗ ಹಿರಿಯರು ಹೇಳುವ ಮಾತು: "ಮಷೀನ್ ಆಮ್ಯಾಲ ನೋಡ್ರಿ, ಮೊದ್ಲ ಅವರ ಮನಿ ನೋಡ್ರಿ."

ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಕಾರಣವಿಲ್ಲದೆ ಕಾರ್ಯವಿಲ್ಲ. ಸೆಟ್ಟು ಒಲೆಯ ಹತ್ತಿರ ಇದ್ದರೆ ಹೊಗೆಯ ಜಿಡ್ಡು ಕೂತು, ಅದರ ಮೇಲೆ ಧೂಳು ಅಂಟಿ, ಶಾಖ ಹೊರಗೆ ಹೋಗುವುದಿಲ್ಲ. ತೊಗರಿ ರಾಶಿಯ ಧೂಳು ಒಳಗೆ ಸೇರಿದರೆ ವಾಲ್ಯೂಮ್ ತಿರುಗಿಸಿದಾಗ ಕರಕರ ಸದ್ದು. ಗೋಡೆ ಸೋರಿದ್ದರೆ ಸ್ಪೀಕರಿನ ಕಾಗದ ಕೆಡುತ್ತದೆ. ಇಷ್ಟನ್ನು ಮನೆಯಲ್ಲಿ ನೋಡಬೇಕು.

ಆದರೆ ಮನೆ ನೋಡುವಾಗ ನಮ್ಮ ಕಣ್ಣು ಅಷ್ಟಕ್ಕೇ ನಿಲ್ಲುವುದಿಲ್ಲ. ಹುಡುಗರ ಜೊತೆ ನಾನೂ ಸೆಟ್ಟು ನೋಡಲು ಹೋಗುತ್ತೇನೆ. ತಗಡಿನ ಮನೆ ಕಂಡರೆ "ಇಲ್ಲಿ ಬ್ಯಾಡಣ್ಣಾ" ಎಂದು ಹೊರಗಿನಿಂದಲೇ ತಿರುಗುತ್ತಾರೆ. ಟೈಲ್ಸ್ ಹಾಕಿದ ಮನೆಯಾದರೆ ಹಚ್ಚಿ ನೋಡದೆಯೇ ಕೇಳಿದ ರೇಟಿಗೆ ಒಪ್ಪುತ್ತಾರೆ. ಅವರೂ ನಮ್ಮ ಮಕ್ಕಳೇ. ಇದನ್ನು ಕಂಡು ನನಗೆ ಸಂಕಟವಾಗುತ್ತದೆ.

ಯಾಕೆಂದರೆ ನಮ್ಮನ್ನು ಜಗತ್ತು ಅಳೆದದ್ದು ಹೀಗೆಯೇ: ಯಾವ ಓಣಿ, ಯಾರ ಮನೆ? 1917ರಲ್ಲಿ ಬಾಬಾಸಾಹೇಬರು ಕೊಲಂಬಿಯಾದಲ್ಲಿ ಓದಿ ಬಂದು ಬರೋಡಾದಲ್ಲಿ ನೌಕರಿಗೆ ಸೇರಿದರು. ತಂಗಿದ್ದ ಪಾರ್ಸಿ ವಸತಿಗೃಹಕ್ಕೆ ದೊಣ್ಣೆ ಹಿಡಿದು ಬಂದವರು ಅವರನ್ನು ಹೊರಹಾಕಿದರು. ಅವರ ವಿದ್ಯೆಯನ್ನು ಯಾರೂ ಪರೀಕ್ಷಿಸಲಿಲ್ಲ; ಹುಟ್ಟನ್ನು ಮಾತ್ರ ನೋಡಿದರು. ಭಗವಾನ್ ಬುದ್ಧರು ಇದಕ್ಕೆ ತಿರುಗಿ ನಡೆದರು. ಕ್ಷೌರಿಕ ಉಪಾಲಿಗೆ ಶಾಕ್ಯ ರಾಜಕುಮಾರರಿಗಿಂತ ಮೊದಲು ದೀಕ್ಷೆ ಕೊಟ್ಟರು. ವಿನಯದಲ್ಲಿ ಉಪಾಲಿಯೇ ಅಗ್ರನಾದನು.

ಕೇಸಪುತ್ತದ ಕಾಲಾಮರಿಗೆ ಭಗವಾನರು ಕಲಿಸಿದ್ದು ಸ್ವತಃ ಪರೀಕ್ಷಿಸಿ ಅರಿಯುವುದನ್ನು. ಸೆಟ್ಟಿಗೂ ಅದೇ ದಾರಿ. ಅರ್ಧ ತಾಸು ಹಚ್ಚಿಡಿ. ಮೈಕ್ ಜೋಡಿಸದೆ ವಾಲ್ಯೂಮ್ ಏರಿಸಿ, ಗುಂಯ್ ಎನ್ನುವ ಸದ್ದು ಕೇಳಿ. ಎರಡೂ ಸ್ಪೀಕರ್ ಒಂದೊಂದಾಗಿ ನುಡಿಸಿ. ಫ್ಯೂಸ್ ಬಿಚ್ಚಿ, ಅದರ ಜಾಗದಲ್ಲಿ ಬರೀ ತಂತಿ ಸುತ್ತಿದ್ದಾರೋ ನೋಡಿ. ಹಿಂದಿನ ಭಾಗ ಮುಟ್ಟಿ, ಅತಿಯಾಗಿ ಸುಡುತ್ತಿದೆಯೋ ತಿಳಿಯಿರಿ. ಕರಕರ ಸದ್ದು ಸ್ವಚ್ಛ ಮಾಡಿದರೆ ಬಹುತೇಕ ಹೋಗುತ್ತದೆ. ಫ್ಯೂಸಿನ ಬದಲು ತಂತಿ ಇದ್ದರೆ ಮಷೀನನ್ನು ಬೇಕಾಬಿಟ್ಟಿ ದುಡಿಸಿದ್ದಾರೆಂದು ಅರ್ಥ. ಅದು ತಗಡಿನ ಮನೆಯಲ್ಲೂ ಸಿಗಬಹುದು, ಬಂಗಲೆಯಲ್ಲೂ ಸಿಗಬಹುದು.

ದೋಷ ಸಿಕ್ಕರೆ ದೋಷವನ್ನೇ ಹೇಳಿ ರೇಟು ಇಳಿಸಿರಿ. ಅವರ ಮನೆಯನ್ನು ಹೀಯಾಳಿಸಿ ಇಳಿಸಬೇಡಿರಿ. ಇದು ಸಮ್ಯಕ್ ವಾಚಾ.

ಮಷೀನಿಗೆ ಅರ್ಧ ತಾಸು ಕೊಡುವ ನಾವು ಮನುಷ್ಯರಿಗೆ ಎಷ್ಟು ಹೊತ್ತು ಕೊಡುತ್ತೇವೆ? ಸೊಸೆ ತರುವಾಗ, ಬಾಡಿಗೆಗೆ ಮನೆ ಕೊಡುವಾಗ, ಸಂಘಕ್ಕೆ ಹೊಸಬರನ್ನು ಸೇರಿಸುವಾಗ ಇಂದು ಒಮ್ಮೆ ಕೇಳಿಕೊಳ್ಳೋಣ: ನಾನು ನೋಡುತ್ತಿರುವುದು ಇವರ ನಡತೆಯನ್ನೋ, ಇವರ ಗೋಡೆಯನ್ನೋ?

ಎಲ್ಲರಿಗೂ ಮಂಗಲವಾಗಲಿ. ಸಾಧು, ಸಾಧು, ಸಾಧು.