ಶಾಂತಿಯ ಮಾತು ಯಾರಿಗೆ?

ಶಾಂತಿ ಬೇಡವೆನ್ನುವವರು ಯಾರು? ಆಳುವವನೂ ಅದನ್ನು ಹೊಗಳುತ್ತಾನೆ, ದಂಗೆಯೇಳುವವನೂ ಹೊಗಳುತ್ತಾನೆ. ಮದ್ದುಗುಂಡು ಮಾರುವವನು ಸಹ ತಾನು ಶಾಂತಿರಕ್ಷಣೆಗಾಗಿಯೇ ಅಂಗಡಿ ತೆರೆದಿರುವುದಾಗಿ ಹೇಳಿಕೊಳ್ಳುತ್ತಾನೆ. ಎಲ್ಲರೂ ಒಪ್ಪುವ ಮಾತಿನಿಂದ ಯಾರ ನಿದ್ದೆಯೂ ಕೆಡುವುದಿಲ್ಲ. ಹೀಗಿರುವಾಗ, ಶಾಂತಿಯ ಮಾತನ್ನಾಡಿದ್ದಕ್ಕಾಗಿ ಒಬ್ಬ ಧರ್ಮಗುರು ಪೂಜೆಯ ನಡುವೆಯೇ ಗುಂಡಿಗೆ ಬಲಿಯಾದರೆಂದರೆ, ಅವರ ಮಾತಿನಲ್ಲಿ ಉಳಿದವರ ಮಾತಿನಲ್ಲಿಲ್ಲದ ಏನೋ ಇದ್ದಿರಬೇಕು.

ಎಲ್ ಸಾಲ್ವಡಾರ್ ಮಧ್ಯ ಅಮೆರಿಕದ ಒಂದು ಪುಟ್ಟ ದೇಶ. ಕಾಫಿ ಬೆಳೆಯುವ ಒಳ್ಳೆಯ ನೆಲವೆಲ್ಲ ಆಗ ಕೆಲವೇ ಮನೆತನಗಳದಾಗಿತ್ತು. ಆ ಮನೆತನಗಳ ಬೆನ್ನಿಗೆ ಸೈನ್ಯವಿತ್ತು. 1977ರ ಫೆಬ್ರವರಿಯಲ್ಲಿ ಆಸ್ಕರ್ ರೊಮೇರೊ ಅವರು ರಾಜಧಾನಿಯ ಆರ್ಚ್‌ಬಿಷಪ್ಪರಾದಾಗ ಸಿರಿವಂತರಿಗೆ ಸಮಾಧಾನವೇ ಆಯಿತು. ಸಂಕೋಚದ ಮನುಷ್ಯ, ಓದಿನಲ್ಲಿ ಮಗ್ನ, ಸಂಪ್ರದಾಯಸ್ಥ, ಇವರಿಂದೇನು ಭಯ? ಮಾರ್ಚ್ 12ರಂದು, ರೈತರ ನಡುವೆ ದುಡಿಯುತ್ತಿದ್ದ ಅವರ ಗೆಳೆಯ ಪಾದ್ರಿ ರುಟಿಲಿಯೊ ಗ್ರಾಂದೆ ಅವರನ್ನು ದಾರಿಯಲ್ಲಿ ಗುಂಡಿಕ್ಕಿ ಕೊಂದರು. ಜೊತೆಯಲ್ಲಿದ್ದ ಒಬ್ಬ ಮುದುಕನನ್ನೂ ಒಬ್ಬ ಹುಡುಗನನ್ನೂ ಬಿಡಲಿಲ್ಲ. 20ರ ಭಾನುವಾರ ರೊಮೇರೊ ತಮ್ಮ ಪ್ರಾಂತದ ಇಗರ್ಜಿಗಳಲ್ಲೆಲ್ಲ ಪೂಜೆ ನಿಲ್ಲಿಸಿ, ರಾಜಧಾನಿಯ ದೊಡ್ಡ ಇಗರ್ಜಿಯಲ್ಲಿ ಒಂದೇ ಒಂದು ಪೂಜೆ ನಡೆಸಿದರು. ಕೊಲೆಯ ತನಿಖೆಯಾಗುವವರೆಗೆ ಸರ್ಕಾರದ ಸಮಾರಂಭಗಳಿಗೆ ಕಾಲಿಡುವುದಿಲ್ಲವೆಂದೂ ತಿಳಿಸಿದರು.

ಅವರು ಒಂದು ಪಕ್ಷಕ್ಕೆ ವಾಲಿದರೆಂಬ ದೂರು ಅಂದಿನಿಂದ ಶುರುವಾಯಿತು. ಅದೇ ಮೇ ತಿಂಗಳಲ್ಲಿ ಗೆರಿಲ್ಲಾಗಳು ವಿದೇಶಾಂಗ ಮಂತ್ರಿ ಬೋರ್ಗೊನೊವೊ ಅವರನ್ನು ಅಪಹರಿಸಿ ಕೊಂದಾಗ ಉತ್ತರಕ್ರಿಯೆಯ ಪೂಜೆಯನ್ನು ನಡೆಸಿದವರೂ ಇದೇ ರೊಮೇರೊ. ಅದರ ಬೆನ್ನಿಗೇ ಸೇಡಿಗೆಂದು ಇನ್ನೊಬ್ಬ ಪಾದ್ರಿ ಕೊಲೆಯಾದರು. ಅವರನ್ನೂ ಇವರೇ ಮಣ್ಣಿಗೊಪ್ಪಿಸಬೇಕಾಯಿತು. ಆದರೆ ತಕ್ಕಡಿಯ ಎರಡು ತಟ್ಟೆಗಳನ್ನೂ ನೋಡುವುದು ಬೇರೆ, ಎರಡೂ ಸಮತೂಕವೆಂದು ಸುಳ್ಳು ಹೇಳುವುದು ಬೇರೆ. ನಡುವಣ ದಾರಿ ಎಂದು ನಾವು ಮೆಚ್ಚುವುದು ಎಷ್ಟೋ ಸಲ ಈ ಸುಳ್ಳನ್ನೇ. ಮುಂದೆ 1993ರಲ್ಲಿ ವಿಶ್ವಸಂಸ್ಥೆಯ ಸತ್ಯಶೋಧನ ಆಯೋಗ ತನ್ನ ಮುಂದೆ ಬಂದ ದೂರುಗಳನ್ನು ಲೆಕ್ಕ ಹಾಕಿತು: ಸುಮಾರು 85 ಪಾಲು ಸೈನ್ಯದ, ಸರ್ಕಾರದ ಮತ್ತು ಅವುಗಳ ಆಶ್ರಯದಲ್ಲಿದ್ದ ಕೊಲೆಗಾರ ತಂಡಗಳ ಮೇಲೆ, 5 ಪಾಲು ಗೆರಿಲ್ಲಾಗಳ ಮೇಲೆ. ರೊಮೇರೊ ಬದುಕಿದ್ದಾಗ ಇಂಥ ಲೆಕ್ಕವನ್ನು ಭಾನುವಾರದ ಉಪದೇಶದಲ್ಲೇ ಒಪ್ಪಿಸುತ್ತಿದ್ದರು. ಆ ವಾರ ಸತ್ತವರು, ಕಾಣೆಯಾದವರು, ಅವರ ಹೆಸರು, ಊರು—ಎಲ್ಲವೂ ರೇಡಿಯೊದಲ್ಲಿ ದೇಶಕ್ಕೆಲ್ಲ ಕೇಳಿಸುತ್ತಿತ್ತು. ರೇಡಿಯೊ ಕೇಂದ್ರಕ್ಕೆ ಬಾಂಬಿಟ್ಟರು.

ಅವರ ಶಾಂತಿಯ ಮಾತಿಗೆ ವಿಳಾಸವಿತ್ತು; ವ್ಯತ್ಯಾಸವಿರುವುದು ಇಲ್ಲೇ ಎಂದು ನನಗೆ ತೋರುತ್ತದೆ. 1980ರ ಫೆಬ್ರವರಿಯಲ್ಲಿ ಅಮೆರಿಕದ ಅಧ್ಯಕ್ಷ ಕಾರ್ಟರ್ ಅವರಿಗೆ ಕಾಗದ ಬರೆದು, ಸೈನ್ಯಕ್ಕೆ ನೆರವು ಕಳುಹಿಸಬೇಡಿರೆಂದು ಕೇಳಿದರು. ಮಾರ್ಚ್ 23ರ ಭಾನುವಾರ ಸೇನಾಪತಿಗಳನ್ನು ಬಿಟ್ಟು ಸಾಮಾನ್ಯ ಸಿಪಾಯಿಗಳೊಡನೆಯೇ ಮಾತಾಡಿದರು. ನೀವು ಕೊಲ್ಲುತ್ತಿರುವ ರೈತರು ನಿಮ್ಮ ಒಡಹುಟ್ಟಿದವರೇ. ದೇವರ ಕಟ್ಟಳೆಗೆ ವಿರುದ್ಧವಾದ ಅಪ್ಪಣೆಗೆ ಯಾವ ಸಿಪಾಯಿಯೂ ತಲೆಬಾಗಬೇಕಾಗಿಲ್ಲ. ಈ ದಮನವನ್ನು ನಿಲ್ಲಿಸಿ—ಇದು ಅದರ ತಾತ್ಪರ್ಯ.

ಇಲ್ಲಿ ವಿಚಾರವಂತ ಓದುಗರು ತಡೆದು ಕೇಳಬಹುದು: ಇದೆಂಥ ಶಾಂತಿ? ಸಿಪಾಯಿಯೊಬ್ಬೊಬ್ಬನೂ ಅಪ್ಪಣೆಯನ್ನು ಒರೆಗೆ ಹಚ್ಚುತ್ತ ಕುಳಿತರೆ ಸೈನ್ಯ ಉಳಿದೀತೆ, ರಾಜ್ಯ ಉಳಿದೀತೆ? ಆಕ್ಷೇಪಣೆ ಹಗುರಾದದ್ದಲ್ಲ. ಆದರೆ ರೊಮೇರೊ ಕೇಳಿದ್ದು ಬಂದೂಕನ್ನು ಇನ್ನೊಂದು ಕಡೆಗೆ ತಿರುಗಿಸೆಂದಲ್ಲ, ಇಳಿಸೆಂದು. ಪರರ ಪ್ರಾಣವನ್ನು ಪಣವೊಡ್ಡಿ ಶಿಸ್ತು ಮುರಿಯುವುದು ದಂಗೆ. ತನ್ನ ಪ್ರಾಣವನ್ನೇ ಪಣವೊಡ್ಡಿ ಮುರಿಯುವುದನ್ನು ಆ ಹೆಸರಿನಿಂದ ಕರೆಯಲಾಗದು. ನಮ್ಮ ಅರ್ಜುನನಿಗೂ ಎದುರಿಗೆ ನಿಂತವರು ಬಂಧುಗಳಾಗಿಯೇ ಕಂಡರು. ಅವನಿಗಾದರೋ ರಥ ನಿಲ್ಲಿಸಿ ಕೇಳುವ ಅವಕಾಶವಿತ್ತು, ಉತ್ತರ ಹೇಳಲು ಕೃಷ್ಣನಿದ್ದ. ರೈತನ ಮಗನಾಗಿ ಹುಟ್ಟಿ ಸಂಬಳಕ್ಕೆ ಸೇರಿದ ಸಿಪಾಯಿಗೆ ಎರಡೂ ಇಲ್ಲ. ಇಲ್ಲವೆಂದರೆ ಅವನಿಗೇ ಗುಂಡು ಬಿದ್ದೀತು. ಅಂಥವನಿಂದ ಅಷ್ಟು ದೊಡ್ಡ ಬೆಲೆ ಕೇಳುವ ಹಕ್ಕು, ಗೋಡೆಗಳ ನಡುವೆ ಸುರಕ್ಷಿತವಾಗಿ ನಿಂತು ಉಪದೇಶಿಸುವವರಿಗೆ ಇದೆಯೆ?

ಗೋಡೆಗಳು ಅವರನ್ನು ಕಾಯಲಿಲ್ಲ. ಮರುದಿನ, ಮಾರ್ಚ್ 24ರ ಸಂಜೆ, ತಾವು ವಾಸವಾಗಿದ್ದ ಕ್ಯಾನ್ಸರ್ ಆಸ್ಪತ್ರೆಯ ಪುಟ್ಟ ಪ್ರಾರ್ಥನಾಮಂದಿರದಲ್ಲಿ ಅವರು ಪೂಜೆ ಮಾಡುತ್ತಿದ್ದಾಗ ಒಂದೇ ಗುಂಡು ಹಾರಿತು. 30ರಂದು ಶವಸಂಸ್ಕಾರಕ್ಕೆ ನೆರೆದ ಜನಸಮೂಹದಲ್ಲಿಯೂ ಬಾಂಬು ಸಿಡಿದು, ಗುಂಡು ಹಾರಿ, ಹತ್ತಾರು ಮಂದಿ ಸತ್ತರು. ಆ ಬಳಿಕದ ಅಂತರ್ಯುದ್ಧ 1992ರವರೆಗೆ ನಡೆದು ಸುಮಾರು 75,000 ಜನರನ್ನು ನುಂಗಿತು.

ಕೊನೆಗೊಮ್ಮೆ ಶಾಂತಿ ಬಂತು, ಒಪ್ಪಂದಕ್ಕೆ ಸಹಿಯಾಯಿತು. ಕೊಲೆಗೆ ಅಪ್ಪಣೆ ಕೊಟ್ಟವನು ಸೈನ್ಯದ ಮಾಜಿ ಅಧಿಕಾರಿ ರಾಬರ್ಟೊ ಡಾಬಿಸನ್ ಎಂದು ಆಯೋಗ ಹೇಳಿತು. ಅವನು ವಿಚಾರಣೆಯೇ ಇಲ್ಲದೆ 1992ರಲ್ಲಿ ತೀರಿಕೊಂಡಿದ್ದ. ಆಯೋಗದ ವರದಿ ಹೊರಬಿದ್ದ ಕೆಲವೇ ದಿನಗಳಲ್ಲಿ ಶಾಸನಸಭೆ ಎಲ್ಲ ಪಾತಕಗಳಿಗೂ ಕ್ಷಮಾದಾನದ ಕಾನೂನು ಮಾಡಿತು. ಶಾಂತಿಗೆ ಅದೇ ಹಿತವೆಂಬುದು ಆಗಿನ ವಾದ. 2016ರಲ್ಲಿ ಆ ದೇಶದ ಸರ್ವೋಚ್ಚ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಮರುವರ್ಷ ನ್ಯಾಯಾಧೀಶರೊಬ್ಬರು ರೊಮೇರೊ ಕೊಲೆಯ ಕಡತವನ್ನು ಮತ್ತೆ ತೆರೆಯಿಸಿದರು. ರೋಮಿನಲ್ಲಿ ಅವರನ್ನು ಸಂತರೆಂದು ಸಾರಿದ್ದು ಅದರ ಮುಂದಿನ ವರ್ಷ, 2018ರ ಅಕ್ಟೋಬರಿನಲ್ಲಿ.