ಪ್ರತಿಕೃತಿಯ ಯಾಥಾರ್ಥ್ಯ

ಮಕ್ಕಳ ಆಟಿಕೆಯೆಂದು ಸಾಮಾನ್ಯರು ಭಾವಿಸುವ ವಸ್ತುವೊಂದರ ವಿಷಯದಲ್ಲಿ ಧರ್ಮಜಿಜ್ಞಾಸೆಗೆ ಅವಕಾಶವೆಲ್ಲಿಯದು ಎಂದು ವಾಚಕಮಹಾಶಯರು ಕೇಳಬಹುದು. ಆದರೆ ಪ್ಲಾಸ್ಟಿಕ್ಕಿನ ಬಿಡಿಭಾಗಗಳನ್ನು ಜೋಡಿಸಿ ಯುದ್ಧವಿಮಾನಗಳ ಪ್ರತಿಕೃತಿಗಳನ್ನು ರಚಿಸುವ ಕಲೆಯು ಆಟಿಕೆಯ ಎಲ್ಲೆಯನ್ನು ದಾಟಿ ಬಹುಕಾಲವಾಯಿತು. ಅದರಲ್ಲಿ ತೊಡಗಿದವರು ಪ್ರೌಢರು, ಹಲವರು ವೃದ್ಧರು. ಚಿಮುಟ, ಸಣ್ಣ ಅರ, ಉಪ್ಪುಕಾಗದ, ಕೂದಲೆಳೆಯಂಥ ಕುಂಚ, ಇವುಗಳೊಡನೆ ತಿಂಗಳುಗಟ್ಟಲೆ ಕುಳಿತು, ಯಾವುದೋ ಒಂದು ವಿಮಾನವನ್ನಲ್ಲ, ಇಂಥ ದಳದ ಇಂಥ ಸಂಖ್ಯೆಯ ವಿಮಾನವು ಇಂಥ ತಿಂಗಳಿನಲ್ಲಿ ಹೇಗಿತ್ತೋ ಹಾಗೆಯೇ ಅದನ್ನು ಕಾಣಿಸಬೇಕೆಂಬುದು ಅವರ ವ್ರತ. ಹಳೆಯ ಛಾಯಾಚಿತ್ರಗಳನ್ನು ಭೂತಗನ್ನಡಿಯಲ್ಲಿ ನೋಡಿ ಬಣ್ಣಗಳ ಗಡಿಯನ್ನು ನಿರ್ಣಯಿಸುತ್ತಾರೆ. ಮೂತಿಯ ಮೇಲಿನ ಒಂದು ಅಂಕಿ ತಪ್ಪಿದರೆ ಅದಕ್ಕಾಗಿ ವಾದ ಹೂಡುತ್ತಾರೆ. ಪಾಠಾಂತರಗಳಿಗಾಗಿ ಓಲೆಗರಿಗಳನ್ನು ಹೋಲಿಸಿ ನೋಡುವ ಪಂಡಿತರ ಶ್ರದ್ಧೆಗೂ ಇದಕ್ಕೂ ಭೇದ ಹೆಚ್ಚಿಲ್ಲ. ಇಂಥ ಶ್ರದ್ಧೆಯಿರುವೆಡೆಯಲ್ಲಿ ಯಾಥಾರ್ಥ್ಯವೆಂದರೇನು, ಅದು ಎಲ್ಲಿಯವರೆಗೆ ಹೋಗತಕ್ಕದ್ದು ಎಂಬ ಪ್ರಶ್ನೆಯು ತಾನಾಗಿಯೇ ಏಳುತ್ತದೆ.

ಬರಿದೆ ವಾದಿಸುವುದಕ್ಕಿಂತ ಒಂದು ದೃಷ್ಟಾಂತವನ್ನು ಹಿಡಿಯುವುದು ಲೇಸು. ಜರ್ಮನಿಯ ಮೆಸ್ಸರ್‌ಶ್ಮಿಟ್ ೨೬೨ ಎಂಬುದು ರಣರಂಗದಲ್ಲಿ ಸೇವೆಗೆ ಬಂದ ಜೆಟ್ ಕಾಳಗದ ವಿಮಾನಗಳಲ್ಲಿ ಮೊದಲನೆಯದು. ೧೯೪೨ನೆಯ ಇಸವಿ ಜುಲೈ ೧೮ರಂದು ಲೈಪ್‌ಹೈಮ್ ಎಂಬಲ್ಲಿ ಫ್ರಿಟ್ಸ್ ವೆಂಡೆಲ್ ಎಂಬ ಚಾಲಕನು ಕೇವಲ ಜೆಟ್ ಯಂತ್ರಗಳ ಬಲದಿಂದ ಅದನ್ನು ಮೊದಲ ಸಲ ಹಾರಿಸಿದನು. ೧೯೪೪ರಲ್ಲಿ ಅದು ಕಾಳಗಕ್ಕೆ ಇಳಿಯಿತು. ಎರಡು ಯೂಂಕರ್ಸ್ ಯಂತ್ರಗಳು. ಮೂತಿಯಲ್ಲಿ ೩೦ ಮಿಲಿಮೀಟರಿನ ನಾಲ್ಕು ಫಿರಂಗಿಗಳು. ಗಂಟೆಗೆ ಸುಮಾರು ೮೭೦ ಕಿಲೋಮೀಟರು ವೇಗ. ಆಗಿನ ಮತ್ತಾವ ಕಾಳಗದ ವಿಮಾನವೂ ಬೆನ್ನಟ್ಟಿ ಹಿಡಿಯಲಾರದಷ್ಟು ಚುರುಕು. ಆದರೆ ಉತ್ತಮವಾದ ಉಕ್ಕಿಗೆ ಬೇಕಾದ ನಿಕ್ಕಲ್ ಮುಂತಾದ ಲೋಹಗಳು ಆ ದೇಶದಲ್ಲಿ ತೀರಿಹೋಗುತ್ತಿದ್ದುದರಿಂದ ಯಂತ್ರಗಳ ಆಯುಷ್ಯವು ಹತ್ತರಿಂದ ಇಪ್ಪತ್ತೈದು ಗಂಟೆಗಳಷ್ಟೆ. ತಯಾರಾದವು ೧,೪೦೦ಕ್ಕೂ ಮೇಲೆ. ಅವುಗಳಲ್ಲಿ ದಳಗಳನ್ನು ಸೇರಿ ಕಾದಿದವು ಅಲ್ಪಭಾಗ.

ನಲವತ್ತೆಂಟರಲ್ಲೊಂದು ಪಾಲಿನ ಪ್ರಮಾಣದಲ್ಲಿ ಇದರ ಪ್ರತಿಕೃತಿಯು ೨೨ ಸೆಂಟಿಮೀಟರು ಉದ್ದವಾಗುತ್ತದೆ. ಕಟ್ಟುವವನಿಗೆ ಮೊದಲು ಎದುರಾಗುವ ತೊಡಕು ಸ್ವಾರಸ್ಯವುಳ್ಳದ್ದು. ಈ ವಿಮಾನಕ್ಕೆ ಮೂತಿಯ ಕೆಳಗೊಂದು, ರೆಕ್ಕೆಗಳ ಕೆಳಗೆರಡು ಚಕ್ರಗಳು. ಪ್ರತಿಕೃತಿಯಲ್ಲಿ ಭಾರವು ಹಿಂದಕ್ಕೆ ಬೀಳುವುದರಿಂದ ಮೂತಿಯು ಮೇಲೆದ್ದು ಬಾಲವು ನೆಲಕ್ಕೆ ಕೂರುತ್ತದೆ. ಆದುದರಿಂದ ಅಂಟಿಸಿ ಮುಚ್ಚುವ ಮೊದಲೇ ಮೂತಿಯೊಳಗೆ ಸೀಸದ ಗುಂಡುಗಳನ್ನು ತುಂಬಬೇಕು. ನಿಜವಾದ ವಿಮಾನದಲ್ಲಿ ಫಿರಂಗಿಗಳಿದ್ದ ಎಡೆಯಲ್ಲಿ ಇಲ್ಲಿ ಯಾರಿಗೂ ಕಾಣದ ಸೀಸ! ಯಾಥಾರ್ಥ್ಯವನ್ನೇ ವ್ರತವಾಗಿಟ್ಟುಕೊಂಡವನು ತನ್ನ ಕೃತಿಯ ಗರ್ಭದಲ್ಲಿ ಒಂದು ಅಯಥಾರ್ಥವನ್ನಿಟ್ಟೇ ಅದನ್ನು ನೆಟ್ಟಗೆ ನಿಲ್ಲಿಸುತ್ತಾನೆ. ಇದಕ್ಕಾಗಿ ಅವನನ್ನು ಸುಳ್ಳುಗಾರನೆನ್ನುವವರು ಯಾರೂ ಇಲ್ಲ.

ಏಕೆಂದರೆ ಪ್ರತಿಕೃತಿಯಿಂದ ಉಂಟಾಗುವ ಜ್ಞಾನವೇ ಬೇರೊಂದು ಜಾತಿಯದು. ನಮ್ಮ ಅಲಂಕಾರಿಕರಲ್ಲಿ ಶ್ರೀಶಂಕುಕನು ರಸವಿಚಾರದಲ್ಲಿ ಚಿತ್ರತುರಗನ್ಯಾಯವೆಂಬುದನ್ನು ತಂದನು. ಅಭಿನವಗುಪ್ತನು ತನ್ನ ನಾಟ್ಯಶಾಸ್ತ್ರವ್ಯಾಖ್ಯಾನದಲ್ಲಿ ಆ ಮತವನ್ನೆತ್ತಿ ಚರ್ಚಿಸಿದ್ದಾನೆ. ಬರೆದ ಕುದುರೆಯನ್ನು ನೋಡಿ ‘ಕುದುರೆ’ ಎನ್ನುತ್ತೇವೆ. ಅದು ಸಮ್ಯಕ್‌ಜ್ಞಾನವಲ್ಲ, ಕುದುರೆಯು ಅಲ್ಲಿಲ್ಲ, ಭ್ರಾಂತಿಯೂ ಅಲ್ಲ, ಯಾರೂ ಅದನ್ನೇರಲು ಹೋಗುವುದಿಲ್ಲ, ಸಂಶಯವಲ್ಲ, ಕೇವಲ ಸಾದೃಶ್ಯವೂ ಅಲ್ಲ. ಹಾಗೆಯೇ ಮೇಜಿನ ಮೇಲಿನ ಪ್ರತಿಕೃತಿಯನ್ನು ನೋಡಿದವನು ‘ಇದು ಇಂಥ ದಳದ ವಿಮಾನ’ ಎನ್ನುತ್ತಾನೆ. ನೋಡುವವನಿಗೂ ಮಾಡಿದವನಿಗೂ ನಡುವೆ ಆಡದ ಒಪ್ಪಂದವೊಂದಿದೆ: ಒಳಗೆ ಸೀಸವಿರಲಿ, ಹೊರಗೆ ಕಾಣುವುದೆಲ್ಲ ಇದ್ದಂತೆ ಇರಬೇಕು. ಒಪ್ಪಂದವಿರುವಷ್ಟು ದೂರ ಸೀಸವು ಸುಳ್ಳಲ್ಲ.

ಇಷ್ಟನ್ನು ಒಪ್ಪಿದರೆ, ಬಾಲದ ಬಳಿಗೆ ಬಂದಾಗ ಕೈ ತಡೆಯುತ್ತದೆ. ಅಲ್ಲಿ ಸ್ವಸ್ತಿಕಾಕಾರದ ಚಿಹ್ನೆಯುಂಟು. ಹಿಟ್ಲರನ ಪಕ್ಷವು ೧೯೨೦ರಲ್ಲಿ ಅದನ್ನು ತನ್ನ ಧ್ವಜಕ್ಕೆ ತೆಗೆದುಕೊಂಡಿತು. ೧೯೩೫ರಲ್ಲಿ ಆ ಧ್ವಜವೇ ಜರ್ಮನಿಯ ಏಕೈಕ ರಾಷ್ಟ್ರಧ್ವಜವಾಯಿತು. ಇಂದು ಆ ದೇಶದ ದಂಡಸಂಹಿತೆಯು ಅದರ ಬಹಿರಂಗಪ್ರದರ್ಶನವನ್ನು ನಿಷೇಧಿಸುತ್ತದೆ. ಕಲೆ, ಶಾಸ್ತ್ರಸಂಶೋಧನೆ, ಬೋಧನೆ, ಇತಿಹಾಸನಿರೂಪಣೆ ಇವುಗಳಿಗೆ ಮಾತ್ರ ವಿನಾಯಿತಿ. ಕಿಟ್ಟುಗಳನ್ನು ಮಾರುವವರು ಇದಕ್ಕೊಂದು ಉಪಾಯವನ್ನು ಕಂಡುಕೊಂಡಿದ್ದಾರೆ. ಪೆಟ್ಟಿಗೆಯ ಮೇಲಣ ಚಿತ್ರದಲ್ಲಿ ಬಾಲವು ಬರಿದು. ಒಳಗೆ, ನೀರಿನಲ್ಲಿ ನೆನೆಸಿ ಅಂಟಿಸುವ ಗುರುತುಗಳ ಹಾಳೆಯಲ್ಲಿ, ಒಂದೋ ಅದು ಇರುವುದೇ ಇಲ್ಲ. ಇಲ್ಲವೆ ಎರಡು ತುಂಡುಗಳಾಗಿ ಬೇರೆಬೇರೆ ಮೂಲೆಗಳಲ್ಲಿ ಮುದ್ರಿತವಾಗಿರುತ್ತದೆ. ತುಂಡುಗಳನ್ನು ಕೂಡಿಸಿದವನು ಕೊಂಡವನು, ಮಾರಿದವನಲ್ಲ! ನಮ್ಮ ಮೀಮಾಂಸಕರು ಕಂಡಿದ್ದರೆ ಈ ಯುಕ್ತಿಗೊಂದು ಅಧಿಕರಣವನ್ನೇ ಮೀಸಲಿಡುತ್ತಿದ್ದರೋ ಏನೋ.

ಸಂಸ್ಕೃತವನ್ನು ಓದಿದವನಿಗೆ ಇಲ್ಲಿ ಇಮ್ಮಡಿ ಸಂಕಟ. ‘ಸು’ ಎಂಬುದಕ್ಕೆ ‘ಅಸ್ತಿ’ ಸೇರಿ ‘ಸ್ವಸ್ತಿ’. ಒಳಿತಾಗಲಿ ಎಂಬುದೇ ಆ ಚಿಹ್ನೆಯ ಅರ್ಥ. ಹೊಸ ಲೆಕ್ಕದ ಪುಸ್ತಕದ ಮೊದಲ ಹಾಳೆಯಲ್ಲಿ, ಹೊಸ್ತಿಲಿನ ರಂಗೋಲಿಯಲ್ಲಿ, ಜೈನರ ಪೂಜಾದ್ರವ್ಯಗಳ ನಡುವೆ ಅದನ್ನು ಕಂಡು ಬೆಳೆದವರು ನಾವು. ಜರ್ಮನರು ಅದನ್ನು ಸ್ವಸ್ತಿಕವೆನ್ನಲಿಲ್ಲ, ಕೊಕ್ಕೆಶಿಲುಬೆಯೆಂಬರ್ಥದ ಹೆಸರಿನಿಂದ ಕರೆದರು. ಆದುದರಿಂದ ಅದು ನಮ್ಮದಲ್ಲವೆಂದು ಕೆಲವರು ಸಮಾಧಾನ ಹೇಳುತ್ತಾರೆ. ನಮ್ಮದು ಬಲಕ್ಕೆ ತಿರುಗಿದ್ದು, ಅವರದು ಎಡಕ್ಕೆ ತಿರುಗಿದ್ದು ಎಂದು ಹೇಳುವವರೂ ಉಂಟು. ಎರಡನೆಯದು ಪರಿಶೀಲಿಸದೆ ಆಡಿದ ಮಾತು. ಎರಡೂ ಕಡೆ ತಿರುಗಿದವು ನಮ್ಮಲ್ಲುಂಟು, ಅವರದೂ ನಮ್ಮಲ್ಲಿ ಹೆಚ್ಚು ರೂಢವಾದುದೂ ಒಂದೇ ಕಡೆಗೆ ತಿರುಗಿದವು. ಮೊದಲನೆಯದರಲ್ಲಿ ಸ್ವಲ್ಪ ಸತ್ಯವಿದ್ದರೂ, ಹೆಸರು ಬೇರೆಯಾದಮಾತ್ರಕ್ಕೆ ರೂಪವು ಬೇರೆಯಾಗದು. ರೂಪವು ಒಂದೇ, ಅದರ ಹಿಂದೆ ನಿಂತ ಸಂಕಲ್ಪ ಬೇರೆ. ಫಿನ್ಲೆಂಡಿನ ಉದಾಹರಣೆಯು ಇದನ್ನು ತಿಳಿಯಾಗಿಸುತ್ತದೆ. ೧೯೧೮ರಲ್ಲಿ ಸ್ವೀಡನ್ನಿನ ಕೌಂಟ್ ಎರಿಕ್ ಫಾನ್ ರೋಸೆನ್ ಎಂಬವನು ಆ ದೇಶಕ್ಕೆ ದಾನಮಾಡಿದ ವಿಮಾನದ ಮೇಲೆ ನೀಲಿಯ ಸ್ವಸ್ತಿಕವನ್ನು ಬರೆಯಿಸಿದ್ದನು. ಅದೇ ಅಲ್ಲಿಯ ವಿಮಾನಗಳ ಗುರುತಾಗಿ ೧೯೪೫ರವರೆಗೆ ಉಳಿಯಿತು. ಅಮೆರಿಕೆಯ ೪೫ನೆಯ ಕಾಲ್ದಳದ ಸೈನಿಕರು ತೋಳಿನ ಮೇಲೆ ಅದನ್ನು ಧರಿಸುತ್ತಿದ್ದು, ಹಿಟ್ಲರನ ಕಾಲದಲ್ಲಿ ಬಿಟ್ಟುಕೊಟ್ಟರು. ಚಿಹ್ನೆಯೊಂದು ಯಾರ ಕೈಯಲ್ಲಿ ಏನು ಮಾಡಿತೆಂಬ ನೆನಪೇ ಅದರ ವಾಚ್ಯಾರ್ಥವನ್ನು ಹಿಂದಿಕ್ಕಿ ಮುಂದೆ ನಿಲ್ಲುತ್ತದೆ.

ಹಾಗಾದರೆ ಬರೆಯತಕ್ಕದ್ದೋ, ಬಿಡತಕ್ಕದ್ದೋ? ಬಿಡಬೇಕೆನ್ನುವವರ ಪಕ್ಷವು ಹಗುರವಾದುದಲ್ಲ. ಆ ಗುರುತಿನಡಿಯಲ್ಲಿ ತಂದೆತಾಯಿಗಳನ್ನು ಕಳೆದುಕೊಂಡವರು ಇನ್ನೂ ಬದುಕಿದ್ದಾರೆ; ಅಪ್ರಿಯವಾದ ಸತ್ಯವನ್ನು ಎಲ್ಲರೆದುರಿಗೆ ಎತ್ತಿ ತೋರಿಸುವುದು ಶಿಷ್ಟಾಚಾರವಲ್ಲ ಎಂಬುದು ನಮ್ಮ ಹಿರಿಯರ ಅಭಿಪ್ರಾಯವೂ ಅಹುದು. ಆದರೆ ಬಿಟ್ಟುದರ ಫಲವನ್ನು ನೋಡಿರಿ. ಬಾಲವು ಬರಿದಾದ ಕೂಡಲೆ ಆ ವಿಮಾನವು ಕೇವಲ ಚೆಲುವಾದ ಯಂತ್ರವಾಗಿಬಿಡುತ್ತದೆ. ಶಾರ್ಕ್ ಮೀನಿನಂಥ ಅದರ ಒಡಲು, ಹಿಂದಕ್ಕೆ ಬಾಗಿದ ರೆಕ್ಕೆ, ಎಲ್ಲವೂ ಮನೋಹರ. ಅದನ್ನು ಹಾರಿಸಿದವರೂ ಯಾರ ಪರವಾಗಿಯೂ ಕಾದದ ಶುದ್ಧ ಸಾಹಸಿಗಳಾಗಿ ತೋರುತ್ತಾರೆ. ನೊಂದವರ ಮೇಲಿನ ಕರುಣೆಯಿಂದ ಅಳಿಸಿದ ಗುರುತು ನೋಯಿಸಿದವರಿಗೆ ಉಪಕಾರವಾಗಿ ಪರಿಣಮಿಸುತ್ತದೆ. ಬರೆಯುವುದೇ ಸರಿಯೆಂದು ನನಗೆ ತೋರುತ್ತದೆ.

ಇಷ್ಟರಿಂದ ಇನ್ನೊಂದು ಪಕ್ಷದವರು, ಎಂದರೆ ‘ಇದ್ದುದನ್ನು ಇದ್ದಂತೆ ಬರೆದೆವು, ನಮ್ಮ ಧರ್ಮವು ಅಲ್ಲಿಗೆ ಮುಗಿಯಿತು’ ಎನ್ನುವವರು, ಗೆದ್ದೆವೆಂದು ತಿಳಿಯಬೇಕಾದುದಿಲ್ಲ. ಅವರ ಯಾಥಾರ್ಥ್ಯವನ್ನೇ ಒರೆಗೆ ಹಚ್ಚಿ ನೋಡೋಣ. ಪ್ರತಿಕೃತಿಯೊಡನೆ ಅವರೊಂದು ಸೇವಾಚರಿತ್ರೆಯನ್ನು ಬರೆದಿಡುವುದುಂಟು: ಯಾವ ದಳ, ಯಾವ ನಿಲ್ದಾಣ, ಯಾರು ಚಾಲಕ, ಅವನು ಎಷ್ಟು ವಿಮಾನಗಳನ್ನು ಉರುಳಿಸಿದನು. ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಗ್ರಹದಲ್ಲಿರುವ ‘ಹಳದಿ ೭’ ಎಂಬ ವಿಮಾನದ ಮೇಲೆ ಚಾಲಕನ ಜಯಗಳನ್ನೆಣಿಸುವ ಗುರುತುಗಳಿವೆ. ಅವುಗಳಲ್ಲಿ ಒಂದನ್ನೂ ಬಿಡದೆ ಎಣಿಸಿ ಬರೆಯುವವರುಂಟು. ಆದರೆ ವಿಮಾನದ ಚರಿತ್ರೆಯು ಅದು ದಳವನ್ನು ಸೇರಿದ ದಿನ ಮೊದಲಾಗುವುದೆ?

ಆಸ್ಟ್ರಿಯದ ಗುಸೆನ್ ಎಂಬಲ್ಲಿ ಸೆರೆಶಿಬಿರಗಳಿದ್ದವು. ಅಲ್ಲಿಯ ಬಂದಿಗಳಿಂದ ಸಾಂಕ್ತ್ ಗಿಯೋರ್ಗೆನ್ ಊರಿನ ಬೆಟ್ಟದಡಿಯಲ್ಲಿ ೧೯೪೪ರಿಂದ ಸುರಂಗಗಳನ್ನು ಕೊರೆಯಿಸಿ, ಅವುಗಳೊಳಗೆ ಈ ವಿಮಾನದ ಒಡಲುಗಳನ್ನು ಮಾಡಿಸಿದರು. ಆ ಕಾರ್ಖಾನೆಗೆ ಇಟ್ಟ ಗುಪ್ತನಾಮಕ್ಕೆ ಸ್ಫಟಿಕಶಿಲೆಯೆಂದರ್ಥ. ಹೆಸರಿಡುವುದರಲ್ಲಿ ಅವರ ರುಚಿಯು ನಾಜೂಕಾದದ್ದೆಂದು ಹೇಳಬೇಕು. ಗುಸೆನ್ ಶಿಬಿರಗಳಲ್ಲಿ ಒಟ್ಟು ಮಡಿದವರು ೩೫,೦೦೦ಕ್ಕೂ ಮೇಲೆ. ಲೇಯೋನ್‌ಬೆರ್ಗ್ ಎಂಬಲ್ಲಿ ಹೆದ್ದಾರಿಯ ಸುರಂಗದೊಳಗೆ ಬಂದಿಗಳು ರೆಕ್ಕೆಗಳನ್ನು ಮಾಡಿದರು. ಥ್ಯೂರಿಂಗಿಯ ಪ್ರಾಂತ್ಯದ ಕಾಲಾ ಎಂಬ ಊರಿನ ಬಳಿ ಗುಡ್ಡದ ಒಳಗಡೆ, ಇಟಲಿ, ಪೋಲೆಂಡ್, ಬೆಲ್ಜಿಯಂ, ಸೋವಿಯತ್ ದೇಶಗಳಿಂದ ತಂದ ಸಾವಿರಾರು ಜನರಿಂದ ಬಲಾತ್ಕಾರವಾಗಿ ದುಡಿಸಿ ವಿಮಾನಗಳನ್ನು ಜೋಡಿಸಿದರು. ಜೋಡಿಸಿದವನ್ನು ಗುಡ್ಡದ ನೆತ್ತಿಗೆ ಎಳೆದೊಯ್ದು ಅಲ್ಲಿಂದಲೇ ಹಾರಿಸುತ್ತಿದ್ದರು. ಹಸಿವಿನಿಂದಲೂ ರೋಗದಿಂದಲೂ ಅಲ್ಲಿ ಸತ್ತವರು ನೂರಾರು.

ಇನ್ನೊಂದು ಸಂಗತಿ. ಯುದ್ಧದ ಕೊನೆಯ ತಿಂಗಳುಗಳಲ್ಲಿ ಈ ವಿಮಾನಗಳಲ್ಲಿ ಕೆಲವು ಪೂರಾ ಬಣ್ಣವಿಲ್ಲದೆಯೇ ಹೊರಬಿದ್ದವು. ತಗಡುಗಳ ಸಂದುಗಳಿಗೆ ಮೆತ್ತಿದ ಪುಟ್ಟಿಯು ಬರಿಯ ಲೋಹದ ಮೇಲೆ ಪಟ್ಟಿಪಟ್ಟಿಯಾಗಿ ಕಾಣುತ್ತಿದ್ದಿತು. ಪ್ರತಿಕೃತಿಕಾರರಿಗೆ ಆ ಪಟ್ಟಿಗಳೆಂದರೆ ಪಂಥ. ಒಂದೊಂದನ್ನೂ ಅಳೆದು, ಮಾಸಲು ಬಣ್ಣದಿಂದ, ಅಂಚು ತುಸು ಹರಡಿದಂತೆ ಬರೆಯುತ್ತಾರೆ. ಬಹಳ ಚೆನ್ನಾಗಿಯೇ ಬರೆಯುತ್ತಾರೆ. ಆದರೆ ಆ ಪುಟ್ಟಿಯನ್ನು ಮೆತ್ತಿದ ಕೈ ಯಾರದು? ಅದನ್ನು ಕೇಳದೆ ಪಟ್ಟಿಯ ಅಗಲವನ್ನು ಮಾತ್ರ ಕೇಳುವವನು, ಶಾಸನದ ಅಕ್ಷರಗಳ ವಟುವನ್ನೆಲ್ಲ ಅಳೆದು ಅದರ ವಾಕ್ಯವನ್ನು ಓದದೆ ಎದ್ದುಬಂದವನಂತೆ.

ಸೀಸದ ವಿಷಯದಲ್ಲಿ ಇದ್ದ ಒಪ್ಪಂದವು ಇಲ್ಲಿ ಇಲ್ಲವೆಂಬುದನ್ನು ಗಮನಿಸಬೇಕು. ಸೀಸವು ಒಳಗಿದೆಯೆಂದು ಬಲ್ಲವರೆಲ್ಲರೂ ಬಲ್ಲರು. ಗುಸೆನ್ನಿನ ಬಂದಿಯು ಮರೆಯಾಗಿರುವುದನ್ನು ನೋಡುವವನು ಅರಿಯನು, ಒಪ್ಪಿಯೂ ಇಲ್ಲ. ಮೌನವು ಸುಳ್ಳಾಗುವುದು ಇಂಥಲ್ಲಿಯೇ.

ಇದಕ್ಕೊಂದು ಆಕ್ಷೇಪವುಂಟು: ಇಷ್ಟು ಪ್ರೀತಿಯಿಂದ ಒಂದು ಘೋರವಸ್ತುವನ್ನು ರಚಿಸುವುದೇ ಅದಕ್ಕೆ ಸಲ್ಲಿಸಿದ ಪೂಜೆಯಲ್ಲವೆ, ಕೈಬಿಡುವುದೇ ಒಳ್ಳೆಯದಲ್ಲವೆ ಎಂದು. ನಾನು ಇದನ್ನು ಒಪ್ಪಲಾರೆ. ಯಕ್ಷಗಾನದ ಬಣ್ಣದ ವೇಷಧಾರಿಯು ಚೌಕಿಯಲ್ಲಿ ಗಂಟೆಗಟ್ಟಲೆ ಕುಳಿತು, ಅಕ್ಕಿಯ ಹಿಟ್ಟಿನಿಂದ ಚಿಟ್ಟಿಗಳನ್ನು ಒಂದೊಂದಾಗಿ ಮುಖದ ಮೇಲೆ ಇಟ್ಟು ರಾಕ್ಷಸನಾಗುತ್ತಾನೆ. ಆ ಏಕಾಗ್ರತೆಯನ್ನು ಕಂಡವರಾರೂ ಅವನನ್ನು ರಾಕ್ಷಸಭಕ್ತನೆನ್ನುವುದಿಲ್ಲ. ಚಿಟ್ಟಿಯೊಂದು ಕೆಟ್ಟರೆ ರಾಕ್ಷಸನೇ ಕೆಡುತ್ತಾನೆ. ರಾಕ್ಷಸನು ಕೆಟ್ಟರೆ ಆಟವೂ ಕೆಡುತ್ತದೆ. ಆದರೆ ಅವನ ಹಿಂದೆ ಭಾಗವತನಿದ್ದಾನೆ, ಪ್ರಸಂಗವಿದೆ. ಆ ರಾಕ್ಷಸನು ಯಾರನ್ನು ಪೀಡಿಸಿದನು, ಹೇಗೆ ಅಳಿದನು ಎಂಬುದೆಲ್ಲ ಬೆಳಗಾಗುವುದರೊಳಗೆ ಹಾಡಿ ಮುಗಿಯುತ್ತದೆ. ಕಪಾಟಿನ ಗಾಜಿನ ಹಿಂದೆ ನಿಂತ ವಿಮಾನಕ್ಕೆ ಅಂಥ ಭಾಗವತನಿಲ್ಲ. ಪ್ರಸಂಗವಿಲ್ಲದ ವೇಷ ಅದು. ಆದುದರಿಂದ ಅದರ ಕೆಳಗೆ ಇಡುವ ಚೀಟಿಯು ಅಲಂಕಾರವಲ್ಲ, ಕೃತಿಯ ಅಂಗವೇ. ಚಾಲಕನ ಹೆಸರಿಗೆ ಅದರಲ್ಲಿ ಎಡೆಯಿದ್ದರೆ ಕಾಲಾ ಊರಿನ ಹೆಸರಿಗೂ ಎಡೆಯಿರಬೇಕು. ಸ್ಪರ್ಧೆಗಳಲ್ಲಿ ಇಂಥ ಚೀಟಿಗೆ ಅಂಕಗಳಿಲ್ಲವೆಂದು ಹೇಳುವರು, ಇಲ್ಲದಿರಬಹುದು. ಅಂಕವಿಲ್ಲದ ಪಾಠವನ್ನು ಓದಬೇಕಾದುದಿಲ್ಲ ಎಂಬ ಮಾತನ್ನು ಪಾಠಶಾಲೆಯಲ್ಲಿ ಬೇಕಾದಷ್ಟು ಕೇಳಿದ್ದೇನೆ.

ಬಾಲದ ಗುರುತಿನ ಗೊಡವೆಯೇ ಬೇಡವೆನ್ನುವವರು ಇನ್ನೊಂದು ದಾರಿಯನ್ನು ಹಿಡಿಯುವುದುಂಟು. ಯುದ್ಧಾನಂತರ ಚೆಕೊಸ್ಲೊವಾಕಿಯದವರು ಇದೇ ವಿಮಾನವನ್ನು ಎಸ್–೯೨ ಎಂಬ ಹೆಸರಿನಿಂದ ಜೋಡಿಸಿ, ೧೯೪೬ರ ಆಗಸ್ಟಿನಲ್ಲಿ ಮೊದಲ ಸಲ ಹಾರಿಸಿದರು. ಎರಡು ಆಸನಗಳವೂ ಸೇರಿ ಹನ್ನೆರಡು ತಯಾರಾದವು. ಅವುಗಳ ಮೇಲೆ ಕೆಂಪು, ಬಿಳಿ, ನೀಲಿಗಳ ದುಂಡುಮುದ್ರೆ, ಸ್ವಸ್ತಿಕವಿಲ್ಲ. ಅದನ್ನು ರಚಿಸಿದರೆ ರೂಪವೂ ಯಥಾರ್ಥ, ಮನಸ್ಸೂ ನಿರಾಳ ಎಂದು ಅವರ ಎಣಿಕೆ. ಆದರೆ ಆ ಹನ್ನೆರಡನ್ನು ಜೋಡಿಸಿದ್ದು ಜರ್ಮನರ ಆಳ್ವಿಕೆಯಲ್ಲಿ ತಯಾರಾಗಿ ಉಳಿದಿದ್ದ ಭಾಗಗಳಿಂದ.